ಹೊರಗೆ ಹೊರಟ ಲಕ್ಷ್ಮಿಯ ಪಾದ

ಅಹಲ್ಯಾಬಾಯಿಯ ಸಿಟ್ಟಿಗೆ ಆಗ ನಾಲ್ಕು ವರ್ಷ ತುಂಬಿತ್ತು. ಕೈಕೂಸಿನಂತೆ ಸಾಕಿಕೊಂಡು ಬಂದಿದ್ದಳು ಅದನ್ನು. ದಿನಾ ಬೆಳಿಗ್ಗೆ ಎಬ್ಬಿಸಿ, ಮುಖ ತೊಳೆಸಿ, ಉಣ್ಣಿಸಿ.

ಧಾರವಾಡದ ಹೆಣ್ಣುಮಗಳು. ಗಂಡ ರಾಮಕೃಷ್ಣನಿಗೆ ರೈಲ್ವೆಯ ಸಿಗ್ನಲ್ ಇಲಾಖೆಯಲ್ಲಿ ಕೆಲಸ. ಕೋಲ್ಕತ್ತದ ಜಾದವ್‌ಪುರದಲ್ಲಿ, ಒಂದು ಸಣ್ಣ ಕೊಳದ ಪಕ್ಕ ಬಾಡಿಗೆ ಮನೆ. ಅಂಗಳದಲ್ಲಿ ಒಂದು ಪಾರಿಜಾತದ ಗಿಡ. ಒಬ್ಬಳೇ ಮಗಳು, ಅಕ್ಷರಾ.

ಹೆಸರೇ ಮುಳುವಾಯಿತು ನೋಡಿ. ಎರಡನೆಯ ಕ್ಲಾಸಿಗೆ ಬಂದರೂ ಹುಡುಗಿಗೆ ಅಕ್ಷರ ನಿಲ್ಲುತ್ತಿರಲಿಲ್ಲ. ಇಂಗ್ಲಿಷಿನ ಬಿ ಬರೆಯೆಂದರೆ ಡಿ ಬರೆಯುತ್ತಿದ್ದಳು, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ಆ ಊರಿನ ಶಾಲೆಗಳಲ್ಲಿ ಹೆಡ್‌ಮಿಸ್ಸನ್ನು 'ಬೊಡೊದಿ' ಅನ್ನುತ್ತಾರೆ, ದೊಡ್ಡಕ್ಕ ಅಂತ. ಈ ಶಾಲೆಯ ಬೊಡೊದಿ ತಲಾಪಾತ್ರ ಅನ್ನುವಾಕೆ. ೨೦೦೧ರಲ್ಲಿ ಒಂದು ದಿನ ತಾಯಿ ಮಗಳಿಬ್ಬರನ್ನೂ ಕರೆಸಿ, ನಾಲ್ಕು ಜನ ಟೀಚರುಗಳ ಎದುರು ನೋಟ್‌ಬುಕ್ ಎತ್ತಿ ಹಿಡಿದು ಆಕೆ ನಕ್ಕಳು.

"ನಾಮ್ ಒಕ್ಖೊರ್, ಒಕ್ಖೊರ್ ಚೇನೇ ನಾ!"

ಹೆಸರು ಅಕ್ಷರ, ಅಕ್ಷರದ ಗುರುತೇ ಇಲ್ಲ. ಕನ್ನಡಕ್ಕೂ ಬಂಗಾಳಿಗೂ ಆ ಪದ ಒಂದೇ ಆದದ್ದರಿಂದ ಅಹಲ್ಯಾಬಾಯಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ. ಟೀಚರುಗಳೆಲ್ಲ ನಕ್ಕರು. ಇದು ಕಂಪ್ಯೂಟರ್ ಕಾಲ, ಇಂಥ ಮಕ್ಕಳಿಂದ ಶಾಲೆಯ ರಿಸಲ್ಟ್ ಕೆಡುತ್ತದೆ ಎಂದು ಹೇಳಿ ಟಿ.ಸಿ. ಕೊಟ್ಟು ಕಳಿಸಿದರು.

"ಹೋಗ್ಲಿ ಬಿಡ. ಬೊಡೊದಿ ಅನ್ನೂ ಹೆಸರಿನಾಗನ ಬಡಿಯೂದು ಅದ, ಬಡದ್ಲು," ಎಂದು ರಾಮಕೃಷ್ಣ ನಗಿಸಲು ನೋಡಿದ.

"ನೀವು ಸುಮ್ನಿರ್ರಿ. ಆ ಮಾತು ಆಕೀ ಬಾಯಿಂದನ ವಾಪಸ್ ತಗಸ್ತೀನಿ. ತಗಸಲಿಕ್ಕರ ನಾ ದೇಸಾಯರ ಮಗಳೇ ಅಲ್ಲ."

ಮಗಳನ್ನು ದೂರದ ಬೇರೆ ಶಾಲೆಗೆ ಹಾಕಿದರೂ ಓದಿಸಿದ್ದು ಅಂಗಳದಲ್ಲೇ. ಕಣ್ಣಿಗೆ ಹತ್ತದ ಅಕ್ಷರ ಕಾಲಿಗಾದರೂ ಹತ್ತೀತು ಎಂದು ರಂಗೋಲಿಯಲ್ಲಿ ಆಳೆತ್ತರದ ಅಕ್ಷರ ಬರೆದು, ಗೆರೆಯ ಮೇಲೆ ಪಾರಿಜಾತ ಸುರಿದು, "ನಡೀ ಇದರ ಮ್ಯಾಲೆ" ಅನ್ನುತ್ತಿದ್ದಳು. ಬರಿಗಾಲಲ್ಲಿ ಹೂವಿನ ತಂಪು ಹಿಡಿದು ಹುಡುಗಿ ನಡೆಯುತ್ತಿದ್ದಳು. ಎಡಬಲ ಕಲಿಸಲು ಗೋಪದ್ಮದ ಪಕ್ಕ ಲಕ್ಷ್ಮಿಯ ಪಾದ ಬರೆದಳು. "ಹೆಬ್ಬೆರಳು ಯಾ ಕಡೆ ಅದ? ನಿನ್ನ ಕಾಲು ಬಾಜೂಕ ಇಟ್ಟು ನೋಡು." ವರ್ಷ ಕಳೆಯುವುದರೊಳಗೆ ಹುಡುಗಿ ಎಲೆಯ ತೊಟ್ಟು ಎಡಕ್ಕೆ ಹಿಡಿದು ಇದು ಬಿ, ಬಲಕ್ಕೆ ಹಿಡಿದು ಇದು ಡಿ ಅನ್ನತೊಡಗಿದಳು. ಪಕ್ಕದ ಓಣಿಯಿಂದ ಕಿವಿ ಕೇಳದ ಒಂದು ಮಗು, ಕೂತಲ್ಲಿ ಕೂರದ ಇನ್ನೆರಡು ಬಂದು ಸೇರಿದವು. ಕೊಳದ ದಂಡೆಯಲ್ಲಿ ಅವುಗಳ ಜೊತೆ ಬೀಜ ಆರಿಸುವಾಗ ಮಾತ್ರ ಅಹಲ್ಯಾಬಾಯಿಯ ಹಣೆಯ ಗಂಟು ಸಡಿಲಾಗುತ್ತಿತ್ತು. ಸಿಟ್ಟು ಮಾತ್ರ ಸಡಿಲಾಗಲಿಲ್ಲ.

ಅದೇ ಹೊತ್ತಿಗೆ ಬಂಗಾಳಿಗಳ ಆಲ್ಪನಾ ಕಲಿತಳು. ನಮ್ಮ ರಂಗೋಲಿ ಪುಡಿ ಬಿದ್ದ ಕ್ಷಣವೇ ಕಾಣುತ್ತದೆ. ಆಲ್ಪನಾ ಹಾಗಲ್ಲ. ರುಬ್ಬಿದ ಅಕ್ಕಿಯ ನೀರಲ್ಲಿ ಬೆರಳದ್ದಿ ಬರೆಯುವುದು. ಹಸಿ ಇದ್ದಾಗ ನೆಲ ಒದ್ದೆಯಾದಂತೆ ಅಷ್ಟೇ; ಒಣಗಿದ ಮೇಲೆ ಬೆಳ್ಳಗೆ ಏಳುತ್ತದೆ. ಈ ಗುಣ ಅವಳಿಗೆ ಬಹಳ ಹಿಡಿಸಿತು.

೨೦೦೫ರ ಲಕ್ಷ್ಮೀಪೂಜೆ ಬಂತು. ದುರ್ಗಾಪೂಜೆಯ ರಜೆ ಇನ್ನೂ ಮುಗಿದಿರದಿದ್ದರೂ ಆ ದಿನವೇ ಶಾಲೆಯ ಕಂಪ್ಯೂಟರ್ ಕೋಣೆ ತೆರೆಯಬೇಕೆಂದು ಬೊಡೊದಿಯ ಹಟ. ಸೆಕ್ಟರ್ ಫೈವ್‌ನ ಕಂಪ್ಯೂಟರ್ ಕಂಪನಿಯ ದೊಡ್ಡ ಸಾಹೇಬರು ಬರುವವರು. ಆಲ್ಪನಾ ಹಾಕುವವರು ಬೇಕಿತ್ತು. "ಕೊಳದ ಹತ್ತಿರದ ಮದ್ರಾಸಿ ಬೌದಿಯ ಕೈ ಚೆನ್ನ" ಎಂದು ಯಾರೋ ಹೇಳಿದರಂತೆ. ಬೌದಿಯೆಂದರೆ ಅತ್ತಿಗೆ, ಸರಿ; ಧಾರವಾಡದವಳು ಮದ್ರಾಸಿಯಾದಳು, ಅದಿರಲಿ. ಕರೆ ಬಂದಾಗ ಹೋದಳು. ಬೊಡೊದಿ ಅವಳನ್ನು ನೋಡಿ ಮುಗುಳ್ನಕ್ಕು ಜಾಗ ತೋರಿಸಿದಳು. ಗುರುತೇ ಹತ್ತಿರಲಿಲ್ಲ! ಅಹಲ್ಯಾಬಾಯಿಯ ಸಿಟ್ಟಿಗೆ ಇನ್ನೊಂದು ಕೊಳ್ಳಿ ಬಿತ್ತು.

ಆ ಹಬ್ಬಕ್ಕೆ ಲಕ್ಷ್ಮಿಯ ಪಾದಗಳನ್ನು ಬಾಗಿಲಿಂದ ಒಳಕ್ಕೆ ಬರುವಂತೆ ಬರೆಯುತ್ತಾರೆ. ಅಹಲ್ಯಾಬಾಯಿ ಮುಷ್ಟಿಯನ್ನು ಅಕ್ಕಿನೀರಲ್ಲಿ ಅದ್ದಿ, ಕಂಪ್ಯೂಟರುಗಳ ಮುಂದಿನಿಂದ ಬಾಗಿಲವರೆಗೆ, ಬೆರಳೆಲ್ಲ ಹೊರಗಡೆಗೆ ಮಾಡಿ, ಒಂದೊಂದೇ ಪಾದ ಒತ್ತುತ್ತ ಬಂದಳು. ಸಾಹೇಬರು ಬರುವ ಹೊತ್ತಿಗೆ ಒಣಗಿ ಏಳುತ್ತವೆ. ಲಕ್ಷ್ಮಿ ಇವರ ಮನೆ ಬಿಟ್ಟು ಎದ್ದು ಹೋಗುವುದನ್ನು ಊರೇ ನೋಡಲಿ.

ಜೊತೆಗೆ ಬಂದ ಅಕ್ಷರಾಗೆ ಈ ಹಂಚಿಕೆ ಗೊತ್ತಿರಲಿಲ್ಲ. ಬಳ್ಳಿ ಬರೆದು ಮುಗಿಸಿ, ಕಲಿತ ರೂಢಿಯಂತೆ ಒಂದು ಹಸಿ ಪಾದದ ಪಕ್ಕ ತನ್ನ ಕಾಲಿಟ್ಟಳು. ನೋಡಿದರೆ ಮುಖ ಬಾಗಿಲಿಗೆ.

"ಅವ್ವಾ! ಯೇ ತೋ ಉಲ್ಟಾ ಹೈ. ಲಕ್ಷ್ಮೀ ಹೊರಗ ಹೊಂಟಾಳ!"

ಬೊಡೊದಿ ತಿರುಗಿದಳು. ನೆಲದಲ್ಲಿ ಅವಳಿಗೆ ಕಂಡದ್ದು ಬರೀ ಒದ್ದೆ. "ನಿನ್ನ ಹೆಸರೇನು?"

"ಅಕ್ಷರಾ."

ನೆನಪು ಬಂತು. "ಓಹೋ, ಆ ಒಕ್ಖೊರಾ! ಇನ್ನೂ ಉಲ್ಟಾನೇ ಕಾಣುತ್ತಾ ನಿನಗೆ?" ಟೀಚರುಗಳು ಮತ್ತೆ ನಕ್ಕರು.

ಇನ್ನು ಹತ್ತು ನಿಮಿಷ ಸುಮ್ಮನಿದ್ದರೆ ಸಾಕಿತ್ತು. ನಾಲ್ಕು ವರ್ಷ ಕಾದವಳಿಗೆ ಹತ್ತು ನಿಮಿಷ ಯಾವ ಲೆಕ್ಕ? ಆದರೆ ಹುಡುಗಿ ತನ್ನ ಕಾಲು ನೋಡಿಕೊಂಡಳು, ನೆಲ ನೋಡಿದಳು, ಮತ್ತೆ ಕಾಲು ನೋಡಿಕೊಂಡಳು. ಕಾಲ್ಬೆರಳು ಮುದುಡಿದವು. ತಾನೇ ತಪ್ಪೇನೋ ಎಂಬ ಆ ಹಳೆಯ ಮುಖ ಬಂದುಬಿಟ್ಟಿತು.

ಅಹಲ್ಯಾಬಾಯಿ ಎದ್ದು ಸೆರಗು ಸಿಕ್ಕಿಸಿದಳು. ಹರಕು ಬಂಗಾಳಿಯಲ್ಲೇ ಹೇಳಿದಳು: "ನನ್ನ ಮಗಳು ಸರಿ ನೋಡಿದ್ದಾಳೆ. ಉಲ್ಟಾ ಬರೆದವಳು ನಾನು. ಬೇಕಂತಲೇ ಬರೆದಿದ್ದೇನೆ. ಬಗ್ಗಿ ನೋಡಿ."

ಬೊಡೊದಿ ಬಗ್ಗಿದಳು. ಕನ್ನಡಕ ಒರೆಸಿಕೊಂಡು ಇನ್ನೂ ಬಗ್ಗಿದಳು. ಕಿಟಕಿಯ ಬಿಸಿಲು ಬಿದ್ದಲ್ಲಿ ಪಾದಗಳು ಬೆಳ್ಳಗಾಗುತ್ತಿದ್ದವು. ಆಕೆಯ ಮುಖದ ಬಣ್ಣ ಹೋಯಿತು. "ಏ ಕೀ ಸರ್ವನಾಶ! ಒರೆಸು, ಬೇಗ ಒರೆಸು!"

ಹೊರಗೆ ಕಾರಿನ ಹಾರನ್ ಕೇಳಿತು.

ಅಹಲ್ಯಾಬಾಯಿಯ ಕೈಯಲ್ಲಿ ಒದ್ದೆ ಅರಿವೆ ಇತ್ತು. ಅದನ್ನು ಬೆನ್ನ ಹಿಂದೆ ಹಿಡಿದಳು. "ಯಾರು ಸರಿ ನೋಡಿದರು? ಹೆಸರು ಹಿಡಿದು ಹೇಳಿ, ಒರೆಸುತ್ತೇನೆ."

"ಅವಳು..."

"ಅವಳಿಗೆ ಹೆಸರಿದೆ. ಅವತ್ತು ನಿಮ್ಮ ಬಾಯಿಗೆ ಚೆನ್ನಾಗಿ ಬಂದಿತ್ತು."

ಇನ್ನೊಂದು ಹಾರನ್. ಬೊಡೊದಿ ಟೀಚರುಗಳ ಕಡೆ ನೋಡಿದಳು. ಅವರು ಗೋಡೆ ನೋಡುತ್ತಿದ್ದರು. "ಒಕ್ಖೊರ್ ಠಿಕ್ ಬೊಲೇಛೇ," ಎಂದಳು ಕೊನೆಗೆ. ಅಕ್ಷರಾ ಹೇಳಿದ್ದು ಸರಿ.

"ಕೇಳಿಸಲಿಲ್ಲ."

ಎರಡನೆಯ ಸಲ ಗಟ್ಟಿಯಾಗಿ ಹೇಳಿದಳು. ಆಮೇಲೆ ಅರಿವೆ ನೆಲಕ್ಕೆ ಬಿತ್ತು. ಅಹಲ್ಯಾಬಾಯಿ ಒರೆಸುತ್ತ ಹೋದಂತೆ ಅಕ್ಷರಾ ಹಿಂದಿನಿಂದ ಮುಷ್ಟಿಯೊತ್ತಿ, ಹೆಬ್ಬೆರಳು ಎಲ್ಲಿರಬೇಕೋ ಅಲ್ಲೇ ಇಟ್ಟು, ಲಕ್ಷ್ಮಿಯನ್ನು ಒಳಕ್ಕೆ ಕರೆತಂದಳು.

ಬಸ್ಸಿನಲ್ಲಿ ಮನೆಗೆ ಹೋಗುವಾಗ ಹುಡುಗಿ ತಾಯಿಯ ಕಿವಿಗೆ ಬಾಯಿ ಹಚ್ಚಿದಳು.

"ಅವ್ವಾ, ಬಾಗಲಾ ಹಿಂದ ಒಂದು ಪಾದ ಉಲ್ಟಾ ಉಳದದ. ನೀ ಒರಸಲಿಲ್ಲ."

"ಗೊತ್ತದ."

"ನಾನೂ ನೋಡ್ದೆ," ಅಂದಳು ಅಕ್ಷರಾ. "ಚುಪ್ ಇದ್ದೆ."