ಹುಣಸೆಹಣ್ಣಿನಲ್ಲಿ ತಿಕ್ಕಿದ ಬಿಲ್ಲೆ

ನನಗೆ ತಲೆ ಕೆಟ್ಟಿದೆ ಎಂದು ಮೊದಲು ಹೇಳಿದ್ದು ನನ್ನ ಹೆಂಡತಿ. ಆಮೇಲೆ ಚಳ್ಳಕೆರೆಯ ನಮ್ಮ ಬೀದಿಯವರೆಲ್ಲ ಅದನ್ನೇ ಹೇಳಿದರು. ಹೇಳಲಿ. ತೊಂಬತ್ತರ ದಶಕದಲ್ಲಿ ನಮ್ಮದು ಪಾತ್ರೆ ಅಂಗಡಿ. ಜನ ಹಳೆಯ ಹಿತ್ತಾಳೆ, ತಾಮ್ರ ತಂದು ತಕ್ಕಡಿಗೆ ಹಾಕಿ, ಬದಲಿಗೆ ಸ್ಟೀಲಿನ ಕೊಡ, ಡಬ್ಬಿ ಒಯ್ಯುತ್ತಿದ್ದ ಕಾಲ ಅದು. ಆ ಹಳೆಯ ಸಾಮಾನಿನ ಮೂಟೆಯಲ್ಲಿ, ಒಡೆದ ಚೊಂಬು, ಸೊಟ್ಟಗಾದ ಸೌಟುಗಳ ನಡುವೆ, ಒಮ್ಮೊಮ್ಮೆ ಬ್ರಿಟಿಷ್ ಸಿಪಾಯಿಗಳ ಟೋಪಿ ಬಿಲ್ಲೆ ಸಿಗುತ್ತಿತ್ತು. ಟೋಪಿಯ ಮುಂದೆ ಸಿಕ್ಕಿಸಿಕೊಳ್ಳುತ್ತಿದ್ದ ಹಿತ್ತಾಳೆಯ ಗುರುತು ಅದು. ಒಂದೊಂದು ಪಲ್ಟಣಕ್ಕೆ ಒಂದೊಂದು ಚಿತ್ರ. ಹುಲಿ, ಕೋಟೆ, ಕಹಳೆ, ಮೇಲೊಂದು ಕಿರೀಟ. ಬಳ್ಳಾರಿಯ ದಂಡಿನಲ್ಲಿ ಬಿಳಿ ಸಿಪಾಯಿಗಳಿದ್ದಾಗ ಅಡುಗೆಯವರು, ಅಗಸರು, ಹುಲ್ಲು ಮಾರುವವರು ಮೊಳಕಾಲ್ಮೂರು ಕಡೆಯಿಂದಲೂ ಹೋಗಿಬರುತ್ತಿದ್ದರು. ಅವರ ಜೊತೆ ಬಂದವು ಇವು. ಉಳಿದ ಹಿತ್ತಾಳೆಯೆಲ್ಲ ಕರಗಲು ಹೋಗುತ್ತಿತ್ತು. ಬಿಲ್ಲೆಗಳನ್ನು ಮಾತ್ರ ನಾನು ಬಿಸ್ಕತ್ತಿನ ಡಬ್ಬಿಯಲ್ಲಿ ಎತ್ತಿಡುತ್ತಿದ್ದೆ.

“ನಮ್ಮನ್ನ ಆಳಿದೋರ ಟೋಪಿ ಸಾಮಾನು ನಿನಗ್ಯಾಕಯ್ಯಾ?” ಎಂದು ಎದುರು ಮನೆಯ ಮೇಷ್ಟ್ರು ಒಮ್ಮೆ ಗದರಿದರು. ಬ್ರಿಟಿಷರು ಆಳಿದ್ದು ನನಗೂ ಗೊತ್ತಿತ್ತು. ಅವರ ತಲೆಯ ಮೇಲಿದ್ದದ್ದು ಈಗ ನನ್ನ ಗಲ್ಲಾಪೆಟ್ಟಿಗೆಯ ಕೆಳಗೆ ಬಿದ್ದಿದೆ ಎಂಬುದೂ ಗೊತ್ತಿತ್ತು. ಅದರಲ್ಲಿ ನನಗೊಂದು ಖುಷಿ ಇತ್ತು, ಮುಚ್ಚಿಡುವುದೇಕೆ?

ಬೆಂಗಳೂರಿನಿಂದ ವರ್ಷಕ್ಕೆರಡು ಸಲ ಒಬ್ಬ ಸಂಗ್ರಾಹಕ ಬರುತ್ತಿದ್ದ. ಮೊದಲ ಸಲ ಅವನು ಬರುತ್ತಾನೆಂದು ತಿಳಿದಾಗ ನಾನು ಮಾಡಿದ ಘನಂದಾರಿ ಕೆಲಸ ಕೇಳಿ. ಇದ್ದ ಹದಿನೇಳು ಬಿಲ್ಲೆಗಳನ್ನೂ ಹುಣಸೆಹಣ್ಣು, ಬೂದಿ ಹಾಕಿ ತೆಂಗಿನ ನಾರಿನಿಂದ ಫಳಫಳ ಹೊಳೆಯುವಂತೆ ತಿಕ್ಕಿಟ್ಟೆ. ಮನೆಗೆ ದೊಡ್ಡವರು ಬರುತ್ತಾರೆಂದರೆ ನಮ್ಮಲ್ಲಿ ಹಿತ್ತಾಳೆ ಬೆಳಗುವುದೇ ಮರ್ಯಾದೆ. ಅವನು ಡಬ್ಬಿ ತೆರೆದವನೇ ಹಣೆ ಚಚ್ಚಿಕೊಂಡ. “ರೀ, ಅಷ್ಟು ವರ್ಷದ ಬಣ್ಣಾನ ಒಂದೇ ದಿನದಲ್ಲಿ ತೊಳೆದುಬಿಟ್ರಲ್ರೀ! ಇವು ಹಳೇವು ಅಂತ ಯಾರು ನಂಬ್ತಾರೆ?” ಎಂದು ನಕ್ಕ. ಅಂಗಡಿಯಲ್ಲಿದ್ದ ಗಿರಾಕಿಗಳೂ ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು.

ಆ ಉರಿಯಲ್ಲೇ ಕಲಿತೆ. ನಿಜವಾದ ಬಿಲ್ಲೆ ತೆಳು ತಗಡಿನ ಮೇಲೆ ಅಚ್ಚೊತ್ತಿದ್ದು. ಮುಂದೆ ಉಬ್ಬಿದ್ದು ಹಿಂದೆ ತಗ್ಗಾಗಿರುತ್ತದೆ. ನಕಲಿಯದು ಎರಕ, ದಪ್ಪ, ಮೊಂಡು ಅಂಚು, ಬೆನ್ನೆಲ್ಲ ತರಿತರಿ. ಹಿಂದೆ ಟೋಪಿಗೆ ಸಿಕ್ಕಿಸುವ ಪಟ್ಟಿ ಇರಬೇಕು. ಇಷ್ಟನ್ನು ಬೆಂಗಳೂರಿನವನೂ ಬಲ್ಲ. ಆದರೆ ಒಂದು ಪರೀಕ್ಷೆ ನಾನೇ ಕಂಡುಕೊಂಡದ್ದು. ನಮ್ಮ ಸೀಮೆಯಲ್ಲಿ ಮನೆಯೊಳಗೆ ಉಳಿದ ಹಿತ್ತಾಳೆ ಹಬ್ಬಕ್ಕೊಮ್ಮೆ ಹುಣಸೆಹಣ್ಣು ಕಂಡೇ ಕಂಡಿರುತ್ತದೆ. ಮೇಲೆ ಎಷ್ಟೇ ಹೊಳೆಯಲಿ, ಸಂದಿಯೊಳಗೆ ಬೂದಿ, ಕುಂಕುಮ, ಹುಳಿ ಸೇರಿ ಹಸಿರು ಕಿಟ್ಟವಾಗಿ ಕೂತಿರುತ್ತದೆ. ಸೂಜಿಯಿಂದ ಕೆದಕಿದರೆ ಪದರ ಪದರವಾಗಿ ಏಳುತ್ತದೆ. ನಕಲಿ ಮಾಡುವವನಿಗೆ ಅಷ್ಟು ಹಬ್ಬ ಕಾಯುವ ತಾಳ್ಮೆ ಇರುವುದಿಲ್ಲ.

ಒಂದು ಬೆಳಿಗ್ಗೆ ಬೆಂಗಳೂರಿನವನು ಅಂಗಡಿಯಲ್ಲಿ ಕುಳಿತು ಡಬ್ಬಿ ಕೆದಕುತ್ತಿದ್ದ. ಆಗ ರಾಂಪುರದ ಕಡೆಯ ಒಬ್ಬ ಅಜ್ಜಿ ಮೆಟ್ಟಿಲು ಹತ್ತಿ ಬಂದಳು. ಹಿಂದೆ ನಲವತ್ತರ ಆಸುಪಾಸಿನ ಗಂಡಸು, ಅವಳ ಭಾವನ ಮಗ. ಅಜ್ಜಿ ಸೆರಗಿನ ಗಂಟು ಬಿಚ್ಚಿ ಒಂದು ಬಿಲ್ಲೆಯನ್ನು ನನ್ನ ಮುಂದಿಟ್ಟಳು. ಕಿರೀಟದ ಕೆಳಗೆ ಕಹಳೆ. ಆಗತಾನೆ ಬೆಳಗಿದಂತೆ ಹೊಳೆಯುತ್ತಿತ್ತು.

“ಹೊಸಮನೆ ಕಟ್ಟಿದೀವಪ್ಪಾ. ದೇವರ ಗೂಡಿನಾಗೆ ಹಿರಿಯರ ಜೊತೆ ಇದನ್ನ ಇಡಬ್ಯಾಡ ಅಂತಾನೆ ಇವ್ನು. ನಮ್ಮ ಯಜಮಾನ್ರುದು ಅಂತ ಉಳಿದಿರೋದು ಇದೊಂದೇ. ನೀನೇ ನೋಡಿ ಹೇಳು” ಎಂದಳು.

ಅವಳ ಗಂಡ ದಂಡಿನ ಕುದುರೆಗಳಿಗೆ ಗಾಡಿಯಲ್ಲಿ ಹುಲ್ಲು ಹೊಡೆಯುತ್ತಿದ್ದನಂತೆ. ದಾರಿಯಲ್ಲಿ ಬಿಸಿಲಿಗೆ ಬಿದ್ದಿದ್ದ ಒಬ್ಬ ಬಿಳಿ ಸಿಪಾಯಿಯನ್ನು ಗಾಡಿಗೆ ಹಾಕಿಕೊಂಡು ಹೋಗಿ ದಂಡು ಮುಟ್ಟಿಸಿದನಂತೆ. ಮುಂದಿನ ವಾರ ಆ ಸಿಪಾಯಿ ತನ್ನ ಟೋಪಿಯಿಂದಲೇ ಬಿಚ್ಚಿ ಇದನ್ನು ಕೊಟ್ಟನಂತೆ.

“ಹುಲ್ಲಿನೋನಿಗೆ ಯಾವ ಸಿಪಾಯಿ ಕೊಡ್ತಾನ್ರಿ? ನಮ್ಮ ಚಿಕ್ಕಪ್ಪ ಬುರುಡೆ ಬಿಡೋದ್ರಾಗೆ ಊರಿಗೇ ಫೇಮಸ್ಸು” ಎಂದು ಆತ ನಕ್ಕ. “ಖೋಟಾ ಅಂದ್ರೆ ಹೇಳ್ರಿ, ಇಲ್ಲೇ ತಕ್ಕಡಿಗೆ ಹಾಕಿ ಒಂದು ಲೋಟ ತಗಂಡು ಹೋಗ್ತೀವಿ.”

ನಾನು ಕೈ ಚಾಚುವ ಮೊದಲೇ ಬೆಂಗಳೂರಿನವನು ಅದನ್ನು ಎತ್ತಿಕೊಂಡ. “ಖೋಟಾನೇ. ಹಳೇ ಬಿಲ್ಲೆ ಹೀಗೆ ಹೊಳೆಯಲ್ಲ. ಹಿಂದಿನ ಪಟ್ಟಿನೂ ಇಲ್ಲ, ಯಾರೋ ತಂತಿ ಬಳೆ ಬೆಸೆದಿದ್ದಾರೆ.” ಭಾವನ ಮಗ ತಕ್ಕಡಿಯ ಕಡೆ ನೋಡಿದ. ಅಜ್ಜಿ ಮಾತ್ರ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ.

ಬಿಲ್ಲೆಯನ್ನು ಅವನ ಕೈಯಿಂದ ಕಿತ್ತುಕೊಂಡೆ ಎಂದೇ ಹೇಳಬೇಕು. ತೆಳು ತಗಡು. ಬೆನ್ನಿನಲ್ಲಿ ಕಹಳೆ ತಗ್ಗಾಗಿ ಮೂಡಿತ್ತು. ಸೂಜಿ ತೆಗೆದು ಕಿರೀಟದ ಸಂದಿಗೆ ಹಾಕಿದೆ. ಹಸಿರು ಕಿಟ್ಟ, ಅದರಡಿ ಕುಂಕುಮ, ಅದರಡಿ ಮತ್ತೆ ಹಸಿರು. “ಅಪ್ಪಟ ಹಳೇದು. ಹೊಳೆಯೋದು ಈ ಅವ್ವ ಹಬ್ಬ ಹಬ್ಬಕ್ಕೂ ಬೆಳಗಿದ್ದಕ್ಕೆ” ಎಂದೆ. ಬೆಂಗಳೂರಿನವನನ್ನು ನೋಡಿಕೊಂಡೇ ಹೇಳಿದೆ.

ಗೆದ್ದೆನೆಂದುಕೊಂಡರೆ ಭಾವನ ಮಗನ ದನಿ ಏರಿತು. “ನಿಜದ್ದಾ? ಹಂಗಾದ್ರೆ ಕದ್ದಿರೋದೇ! ಬುರುಡೆಯಾಗಿದ್ರೆ ವಾಸಿ ಇತ್ತು. ಕದ್ದ ಮಾಲು ದೇವರ ಗೂಡಿಗೆ ಬ್ಯಾಡವೇ ಬ್ಯಾಡ, ಚಿಕ್ಕವ್ವಾ.” ಅಜ್ಜಿಯ ಮುಖ ಬಾಡಿಹೋಯಿತು. ನಕಲಿ ಎಂದಿದ್ದರೆ ಸತ್ತವನು ಸುಳ್ಳ, ಅಸಲಿ ಎಂದರೆ ಕಳ್ಳ. ಅಸಲಿ ಎಂದವನು ನಾನೇ. ನನಗೆ ನನ್ನ ಮೇಲೇ ಸಿಟ್ಟು ಬಂತು.

ಮತ್ತೆ ಬಿಲ್ಲೆಯ ಬೆನ್ನು ತಿರುಗಿಸಿದೆ. ತಾಮ್ರದ ತಂತಿಯ ಎರಡು ಬಳೆಗಳು. ಎರಡೂ ಒಳಗಡೆ ಸವೆದು ಅರ್ಧಕ್ಕರ್ಧ ತೆಳ್ಳಗಾಗಿದ್ದವು. ಗೂಡಿನಲ್ಲಿ ಸುಮ್ಮನೆ ಕುಳಿತ ವಸ್ತು ಹೀಗೆ ಸವೆಯುವುದಿಲ್ಲ.

“ಅವ್ವಾ, ಮೊದಲು ಇದನ್ನ ಎಲ್ಲಿಗೆ ಕಟ್ತಿದ್ರು?”

“ಎತ್ತಿನ ಹಣೆಪಟ್ಟಿಗೆ. ಬಲಗಡೆ ಎತ್ತಿಗೆ. ಬಿಳೇರು ಹೋಗೋಗಂಟ ವಾರ ವಾರ ಹಂಗೇ ಗಾಡಿ ಹೊಡೀತಿದ್ರು.”

“ದಂಡಿನ ಒಳಕ್ಕಾ?”

“ಇನ್ನೆಲ್ಲಿಗೆ? ಒಳಕ್ಕೇ. ಪಹರೆಯೋನು ಎತ್ತಿನ ಮುಂದೆ ನಿಂತು ಗಾಡಿ ತಡೆದು, ಹುಲ್ಲಿನಾಗೆ ಕೋಲು ಚುಚ್ಚಿ ನೋಡಿ ಬಿಡ್ತಿದ್ನಂತೆ.”

ನಾನು ಎದ್ದೇ ನಿಂತೆ. “ಅಲ್ಲಪ್ಪಾ, ಕದ್ದ ಮಾಲನ್ನ ಎತ್ತಿನ ಹಣೆಗೆ ಕಟ್ಕಂಡು, ಕದ್ದ ಜಾಗದ ಬಾಗಿಲಿಗೇ ವಾರ ವಾರ ಹೋಗೋ ಕಳ್ಳನ್ನ ನೀನು ಎಲ್ಲಾದ್ರೂ ಕಂಡಿದೀಯಾ? ಈ ಬಳೆ ಮುಟ್ಟಿ ನೋಡು. ದಾರ ಉಜ್ಜಿ ಉಜ್ಜಿ ಸವೆದೈತೆ. ಒಂದೆರಡು ದಿನ ಕಟ್ಟಿದ್ದಲ್ಲ ಇದು. ಬಿಸಿಲಿಗೆ ಬಿದ್ದ ಸಿಪಾಯಿನ ನಾನು ನೋಡಿಲ್ಲ. ಆದ್ರೆ ನಿಮ್ಮ ಚಿಕ್ಕಪ್ಪ ಇದನ್ನ ಬಚ್ಚಿಟ್ಟಿರಲಿಲ್ಲ. ಇಡೀ ದಂಡಿಗೆ ತೋರಿಸಿದ್ದ.”

ಆತ ಬಳೆಯ ಮೇಲೆ ಹೆಬ್ಬೆರಳು ಆಡಿಸಿದ. ಅಷ್ಟರಲ್ಲಿ ಬೆಂಗಳೂರಿನವನು ಮುಂದೆ ಬಾಗಿದ: “ಅಜ್ಜಿ, ನನಗೆ ಕೊಡ್ತೀರಾ? ನೀವು ಹೇಳಿದಷ್ಟು ಕೊಡ್ತೀನಿ.”

“ಈಗ ತಾನೇ ಖೋಟಾ ಅಂದ್ರಲ್ಲ ಸ್ವಾಮಿ?” ಎಂದೆ. ಅವನು ಆಮೇಲೆ ನನ್ನ ಅಂಗಡಿಗೆ ಬರುವುದನ್ನೇ ಬಿಟ್ಟ. ಬಿಡಲಿ.

ಅಜ್ಜಿ ಅವನ ಕಡೆ ತಿರುಗಿಯೂ ನೋಡಲಿಲ್ಲ. ಬಿಲ್ಲೆಯನ್ನು ತೆಗೆದುಕೊಂಡು ಸೆರಗಿಗೆ ಕಟ್ಟಲು ಹೋದವಳು ನಿಲ್ಲಿಸಿ, ಅದನ್ನು ಭಾವನ ಮಗನ ಅಂಗೈಯಲ್ಲಿಟ್ಟಳು.

“ಹಿಡ್ಕ. ಊರಾಗೆಲ್ಲ ಬುರುಡೆ ಅಂತ ಹೇಳ್ಕಂಡು ತಿರುಗಿ, ಇಲ್ಲಿ ಬಂದು ಕಳ್ಳ ಅಂದೋನು ನೀನು. ಬಸ್ ಇಳಿದ ಮ್ಯಾಲೆ ಎಲ್ಲರಿಗೂ ಕಾಣೋ ಹಂಗೆ ಹಿಡ್ಕಂಡು ನಡಿ. ಕೇಳಿದೋರಿಗೆಲ್ಲ ನಿನ್ನ ಬಾಯಾಗೇ ಹೇಳ್ಬೇಕು.”

“ಏನಂತ ಹೇಳ್ಲಿ, ಚಿಕ್ಕವ್ವಾ?”

“ನಮ್ಮ ಚಿಕ್ಕಪ್ಪಂದು ಅಂತ ಹೇಳು.”