ಬೂದಿ ಬಣ್ಣದ ಆಕಾಶ

ರಾತ್ರಿ ಆಕಾಶದಲ್ಲಿ ಮೂಡುವ ಉತ್ತರದ ಬೆಳಕಿನ ಫೋಟೋ ತೆಗೆಯಲು, ಅಂದರೆ ಅರೋರಾ ಎನ್ನುತ್ತಾರಲ್ಲ ಅದನ್ನೇ, ಮರ್ಸರ್ ಐಲ್ಯಾಂಡಿನ ಲೇಕ್ ದಡದಲ್ಲಿ ಕ್ಯಾಮೆರಾ ನಿಲ್ಲಿಸಿದ್ದೆ. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಕೇಳಿ ಮಂಗಳೂರಿನ ಹಿರಿಯರೊಬ್ಬರು ಹತ್ತಿರ ಬಂದರು. ಕ್ಯಾಮೆರಾದ ಪರದೆಯಲ್ಲಿ ಆಕಾಶ ಹಚ್ಚ ಹಸಿರಾಗಿತ್ತು. ಅದನ್ನು ನೋಡಿ, ತಲೆಯೆತ್ತಿ ಮೇಲೆ ನೋಡಿದರು. ಮುಖ ಬಾಡಿತು.

“ನನಗೆ ಬರೀ ಬೂದಿ ಬಣ್ಣ ಕಾಣ್ತದೆ. ಶುಗರಿನಿಂದ ಕಣ್ಣು ಹೋಗ್ತಾ ಉಂಟು ಅಂತ ಡಾಕ್ಟ್ರು ಹೇಳಿದ್ದಾರೆ. ಇಷ್ಟು ಬೇಗ ಬಣ್ಣವೂ ಹೋಯ್ತಾ?”

ನನಗೆ ಗಾಬರಿಯಾದರೆ ವಿವರಣೆ ಶುರುವಾಗುತ್ತದೆ. “ನೋಡಿ ಅಂಕಲ್, ಸೂರ್ಯನಿಂದ ಬಂದ ಕಣಗಳು ನಮ್ಮ ಗಾಳಿಗೆ ಬಡಿಯುತ್ತವೆ. ಆಮ್ಲಜನಕ ಹಸಿರು ಕೊಡುತ್ತೆ, ಇನ್ನೂ ಎತ್ತರದಲ್ಲಿ ಅದೇ ಕೆಂಪು ಕೊಡುತ್ತೆ, ಸಾರಜನಕ ನೀಲಿ, ನೇರಳೆ...”

“ಅದಿರಲಿ. ನಿಮಗೆ ಹಸಿರು ಕಾಣ್ತದಾ?”

“ಇಲ್ಲ, ನನಗೂ ಬೂದಿಯೇ. ಇಷ್ಟು ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣ ತಿಳಿಯಲ್ಲ. ಕ್ಯಾಮೆರಾ ಕೆಲವು ಸೆಕೆಂಡು ಬೆಳಕು ಕೂಡಿಸಿಕೊಳ್ಳುತ್ತೆ, ಅದಕ್ಕೇ ಅದರಲ್ಲಿ ಕಾಣೋದು.”

“ಅದನ್ನು ಮೊದಲು ಹೇಳ್ಬಾರ್ದಾ ಮಾರಾಯ್ರೇ!” ಎಂದು ಅಲ್ಲೇ ಬೆಂಚಿನ ಮೇಲೆ ಕುಸಿದು ಕೂತರು.

ಮತ್ತೊಮ್ಮೆ ಆಕಾಶ ನೋಡಿ ಮೆಲ್ಲಗೆ ಕೇಳಿದರು, “ಹಾಗಾದ್ರೆ ಕಣ್ಣು ನಿಜವಾಗಿ ಹೋಗುವ ದಿನ ನನಗೆ ಗೊತ್ತಾಗೋದು ಹೇಗೆ?”

ನಾನು ಏನೂ ವಿವರಿಸಲಿಲ್ಲ. ಇದನ್ನು ನನ್ನ ಹೆಂಡತಿ ಇನ್ನೂ ನಂಬಿಲ್ಲ.