ಹಂಚು ಕೂರದ ಒಲೆಗೆ ನಾನು ಹಾಕಿದ ರೈಟ್ ಗುರುತು

೧೯೮೬ರಲ್ಲಿ ನಾನು ಅಂದಿನ ಧಾರವಾಡ ಜಿಲ್ಲೆಯಲ್ಲಿ ಮೌಲ್ಯಮಾಪನ ಸಹಾಯಕನಾಗಿದ್ದೆ. ಸರ್ಕಾರದ ಯೋಜನೆ ಜನರಿಗೆ ನಿಜಕ್ಕೂ ಉಪಯೋಗವಾಗಿದೆಯೇ ಎಂದು ಮನೆಮನೆಗೆ ಹೋಗಿ ಕೇಳಿ ವರದಿ ಕೊಡುವುದು ನಮ್ಮ ಕೆಲಸ. ಆ ವರ್ಷ ಹೊಗೆರಹಿತ ಒಲೆಯ ಸರದಿ ಬಂತು. ಮಣ್ಣಿನ ಒಲೆಗೆ ಎರಡು ಬಾಯಿ, ಹೊಗೆ ಮೇಲೆ ಹೋಗಲು ಹಿಂದೊಂದು ಸಿಮೆಂಟಿನ ಕೊಳವೆ. ಹಳೆಯ ಒಲೆ ಒಡೆದ ಮೇಲೆಯೇ ಹೊಸದನ್ನು ಕೂರಿಸಬೇಕೆಂಬ ನಿಯಮವಿತ್ತು. ಮೊದಲು ಶಿಗ್ಗಾವಿ ತಾಲ್ಲೂಕಿನಲ್ಲಿ ಕೂರಿಸಿದ್ದರು. ನಮ್ಮ ವರದಿ ಚೆನ್ನಾಗಿದ್ದರೆ ಅದೇ ಅಚ್ಚಿನ ಒಲೆ ಹಾನಗಲ್ಲ, ಹಿರೇಕೆರೂರಿಗೂ ಹೋಗಬೇಕಿತ್ತು.

ತಡಸದ ಆಚೆಯ ಒಂದು ಹಳ್ಳಿಯಲ್ಲಿ ನನ್ನ ಪಾಲಿಗೆ ನಲವತ್ತು ಮನೆ, ಮೂರು ದಿನ. ಯಾರ ಅಡುಗೆಮನೆಗೂ ಕಾಲಿಡಲಿಲ್ಲ. ಪರಗಂಡಸು ಒಲೆಯ ತನಕ ಹೋಗುವುದು ಆ ಕಡೆ ಪದ್ಧತಿಯಲ್ಲ. ನಾನೋ ದೊಡ್ಡ ಮರ್ಯಾದಸ್ಥ! ಕಟ್ಟೆಯ ಮೇಲೆ ಕಂಬಳಿ ಹಾಸಿ ಚಹಾ ಕೊಡುತ್ತಿದ್ದರು. ಮನೆಯ ಹಿರಿಯರು 'ಚಲೋ ಐತ್ರಿ' ಎಂದರೆ ಸಾಕು, 'ಒಲೆ ಬಳಕೆಯಲ್ಲಿದೆಯೇ' ಎಂಬ ಕಾಲಮ್ಮಿಗೆ ರೈಟ್ ಗುರುತು ಬೀಳುತ್ತಿತ್ತು. ಹುಟ್ಟಿದಾಗಿನಿಂದ ಒಲೆ ಹಚ್ಚದ ಗಂಡಸರನ್ನು ಒಲೆಯ ಬಗ್ಗೆ ಕೇಳಿದ ಬುದ್ಧಿವಂತ ನಾನು.

ಮೂರನೇ ದಿನ ಬಸಪ್ಪ ಎಂಬ ಹಿರಿಯರ ಕಟ್ಟೆಯ ಮೇಲೆ ಕೂತಿದ್ದಾಗ ಬಾಗಿಲ ಹಿಂದಿನಿಂದ ಅವರ ಸೊಸೆ ಶಾಂತವ್ವನ ಧ್ವನಿ ಕೇಳಿತು.

"ಸಾಹೇಬ್ರ, ಒಳಗ ಬಂದು ಒಂದೀಟು ಒಲಿ ನೋಡ್ರಿ. ಬಾಯಿ ಸಣ್ಣದ ಆಗೇತಿ, ರೊಟ್ಟಿ ಹಂಚು ಕುಂದ್ರೂದಿಲ್ಲ. ಡಾಕ್ಟರು ಹೊಗಿ ಹತ್ರ ಹೋಗಬ್ಯಾಡ, ಕಣ್ಣು ಹೋಗ್ತಾವು ಅಂದಾರ್ರಿ. ಅದಕ್ಕ ಈ ಒಲಿ ಹಾಕಿಸ್ಕೊಂಡೇನಿ."

"ನೀ ಒಳಗ ನಡಿ," ಎಂದು ಬಸಪ್ಪ ಗದರಿದರು. "ಅದೇನ್ ನೋಡೂದೈತ್ರಿ, ಚಲೋ ಐತಂತ ಬರ್ಕೊಳ್ರಿ."

ನಾಲ್ಕು ಹೆಜ್ಜೆ ಇಟ್ಟಿದ್ದರೆ ಒಲೆ ಕಾಣುತ್ತಿತ್ತು. ಆದರೆ ನನ್ನ ಫಾರ್ಮಿನಲ್ಲಿ ಹಂಚಿಗೆ ಕಾಲಮ್ಮಿರಲಿಲ್ಲ, ಇನ್ನೂ ಐದು ಮನೆ ಬಾಕಿ ಇದ್ದವು. "ಆಗಲಿ ಬಿಡವಾ, ನೋಡೂಣು," ಎಂದು ಆ ಒಲೆಗೂ ರೈಟ್ ಗುರುತು ಹಾಕಿ ಎದ್ದುಬಿಟ್ಟೆ. ನಲವತ್ತರಲ್ಲಿ ಮೂವತ್ತೆಂಟು ಒಲೆ ಬಳಕೆಯಲ್ಲಿವೆ ಎಂದು ವರದಿ ಹೋಯಿತು. ಅಚ್ಚುಕಟ್ಟಾಗಿದೆ ಎಂದು ಮೇಲಧಿಕಾರಿಗಳು ಬೆನ್ನು ತಟ್ಟಿದರು. ನಾನೂ ಉಬ್ಬಿದೆ.

೧೯೮೮ರಲ್ಲಿ ಕೈಪಂಪುಗಳ ತಪಾಸಣೆಗೆಂದು ಅದೇ ಹಳ್ಳಿಗೆ ಹೋದೆ. ಬಸಪ್ಪನವರ ಮನೆಯ ಹಿತ್ತಲಿನಿಂದ ದಟ್ಟ ಹೊಗೆ ಏಳುತ್ತಿತ್ತು. ಹೋಗಿ ನೋಡಿದರೆ ಮೂರು ಕಲ್ಲು, ಮೇಲೆ ಅಗಲವಾದ ಹಂಚು, ಮುಂದೆ ಶಾಂತವ್ವ. ಮೂವತ್ತು ದಾಟದ ಹೆಣ್ಣುಮಗಳು ಕೈಯಲ್ಲಿ ತಡವಿ ತಡವಿ ರೊಟ್ಟಿ ತಿರುವಿ ಹಾಕುತ್ತಿದ್ದಳು. ಹಿತ್ತಲ ಬಾಗಿಲಿನಿಂದ ನಮ್ಮ ಒಲೆಯೂ ಕಂಡಿತು. ಅದರ ಎರಡೂ ಬಾಯಿಗೆ ಒಣ ಸಗಣಿಯ ಕುಳ್ಳು ತುಂಬಿಟ್ಟಿದ್ದರು.

"ಹಿಂಗ್ಯಾಕ ತಂಗಿ?" ಎಂದೆ.

ಅವಳು ಮುಖ ಎತ್ತಿದಳು, ಆದರೆ ನಾನಿದ್ದ ಕಡೆ ನೋಡಲಿಲ್ಲ. "ಧ್ವನಿ ಗುರ್ತಾತ್ರಿ. ಅವತ್ತ ಕಟ್ಟಿ ಮ್ಯಾಲ ಕುಂತು ಬರ್ಕೊಂಡ ಹ್ವಾದವ್ರಲ್ಲ? ಹಳೀ ಒಲಿ ನೀವ ಒಡಸೀರಿ, ಹೊಸಾದು ಹಂಚು ಹಿಡಿಯಂಗಿಲ್ಲ. ರೊಟ್ಟಿ ಇಲ್ದ ಹೊಟ್ಟಿ ತುಂಬತೈತೇನ್ರಿ? ನಾ ಹೇಳಿದ್ದು ಬರ್ಕೊಂಡಿದ್ರಿ ಹೌದಿಲ್ಲೋ?"

ಅಯ್ಯೋ, ಆಗಲಾದರೂ ನಿಜ ಬಾಯಿ ಬಿಡಬಾರದಿತ್ತೇ! "ಬರ್ಕೊಂಡಿದ್ದೆ ತಂಗಿ, ಎಲ್ಲಾ ಬರ್ಕೊಂಡಿದ್ದೆ," ಎಂದೆ.

"ಹಂಗಾರ ಮ್ಯಾಲಿನವ್ರ ಕಿವಿಗಿ ಬೀಳಲಿಲ್ಲ ಬಿಡ್ರಿ. ನೀವರ ಏನ್ ಮಾಡ್ತೀರಿ ಪಾಪ. ಕುಂತ್ಕೊರ್ರಿ, ಬಿಸಿ ರೊಟ್ಟಿ ತಿನ್ರಿ."

ಕೂತು ತಿಂದೆ.

ಮರುದಿನ ಆಫೀಸಿನಲ್ಲಿ ತಿದ್ದುಪಡಿ ಟಿಪ್ಪಣಿ ಬರೆದೆ. ಅಷ್ಟರಲ್ಲಿ ಹಿರೇಕೆರೂರು ತಾಲ್ಲೂಕಿನ ಎಷ್ಟೋ ಮನೆಗಳಲ್ಲಿ ಹಳೆಯ ಒಲೆ ಒಡೆದು ಅದೇ ಅಚ್ಚಿನ ಒಲೆ ಕೂರಿಸಿಯಾಗಿತ್ತು. ಮುಂದೆ ಇಲಾಖೆಗೆ ಬಂದ ಹೊಸಬರಿಗೆಲ್ಲ ಒಂದೇ ಪಾಠ ಹೇಳಿದೆ: ಬಳಸುವವರನ್ನೇ ಕೇಳಿ, ಒಳಗೆ ಹೋಗಿ ಕಣ್ಣಾರೆ ನೋಡಿ, ಫಾರ್ಮಿನಲ್ಲಿ ಜಾಗವಿಲ್ಲದಿದ್ದರೆ ಹಾಳೆಯ ಹಿಂದೆ ಬರೆಯಿರಿ. ಅವರು ನನ್ನನ್ನು ಪ್ರಾಮಾಣಿಕ ಎಂದು ಹೊಗಳಿದರು. ಶಾಂತವ್ವನಿಗೆ ಹೇಳಿದ ಸುಳ್ಳನ್ನು ಮಾತ್ರ ನಾನು ಯಾರಿಗೂ ಹೇಳಲಿಲ್ಲ. ಅವಳ ಕಣ್ಣು ಹೋಗಲು ಕಾರಣನಾದವನನ್ನೇ ಅವಳು ಪಾಪ ಎಂದಿದ್ದಳು.